ಕಟ್ ಮಾಡಿದರೆ ಕೊಂಯ್: ಹಳೇ ಕಾರಿನ ಪವರ್ ಸ್ಟೇರಿಂಗ್ ರಿಪೇರಿ

ಡಿಸೆಂಬರಿನ ಒಂದು ಬೆಳಗ್ಗೆ ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹೊರಟಿದ್ದೆವು. ಅಪ್ಪನ ಕಣ್ಣು ತೋರಿಸುವುದಿತ್ತು. ಆಗುಂಬೆ ಘಾಟಿ ಇಳಿಯುವಾಗ ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಸ್ಟೇರಿಂಗ್ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಬಿಗಿಯಾಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಮತ್ತೆ ಹಗುರ. ಜೊತೆಗೆ ಬಾನೆಟ್ ಒಳಗಿಂದ 'ಕೊಂಯ್' ಅಂತ ಒಂದು ನರಳಾಟ. ಪಕ್ಕದಲ್ಲಿ ಕೂತಿದ್ದ ಅಪ್ಪ, "ಎಂತದಾ ಅದು? ಹಂದಿ ಅಡಿಗೆ ಬಿತ್ತಾ?" ಅಂದರು.

ಹಂದಿ ಬಿದ್ದಿರಲಿಲ್ಲ. ಆದರೆ ನನ್ನ ಅಂಗೈ ಬೆವರಿತ್ತು. ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಒಂದೊಂದರಲ್ಲೂ ಗಾಡಿ ಹೆಚ್ಚುಕಡಿಮೆ ನಿಂತ ಹಾಗೆ ಹೋಗುತ್ತದೆ, ಸ್ಟೇರಿಂಗ್ ಪೂರ್ತಿ ಕಟ್ ಆಗಬೇಕು, ಅಂದರೆ ತುದಿವರೆಗೂ ತಿರುಗಬೇಕು. ಪವರ್ ಸ್ಟೇರಿಂಗಿಗೆ ಅತಿ ಜಾಸ್ತಿ ಕೆಲಸ ಬೀಳುವುದು ಇಂಥ ಜಾಗದಲ್ಲೇ. ನೇರ ರಸ್ತೆಯಲ್ಲಿ ಅರವತ್ತರಲ್ಲಿ ಹೋಗುವಾಗ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಕಾಯಿಲೆ ಊರೊಳಗೆ ಎಷ್ಟು ದಿನದಿಂದ ಅಡಗಿ ಕೂತಿತ್ತೋ ಗೊತ್ತಿಲ್ಲ.

ಗಾಡಿ 2009ರ ಡೀಸೆಲ್ ಹ್ಯಾಚ್‌ಬ್ಯಾಕ್. ಓಡಿದ್ದು 1,38,000 ಕಿ.ಮೀ. ಹೈಡ್ರಾಲಿಕ್ ಸ್ಟೇರಿಂಗ್, ಅಂದರೆ ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವಂಥದ್ದು. ವಾಪಸ್ ಬಂದ ಮೇಲೆ ಒಂದು ಗ್ಯಾರೇಜಿಗೆ ತೋರಿಸಿದೆ. ಅವರು ಬಾನೆಟ್ ಎತ್ತಿ, ಸ್ಟೇರಿಂಗ್ ಒಂದು ಸಲ ತಿರುಗಿಸಿ, "ಪಂಪು ಹೋಗಿದೆ ಸಾರ್. ರ‍್ಯಾಕೂ ಸವೆದಿರುತ್ತೆ. ಎರಡೂ ಒಟ್ಟಿಗೆ ಹಾಕಿಸಿಬಿಡಿ" ಅಂದರು. ರ‍್ಯಾಕ್ ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಳ್ಳುವ ಹಲ್ಲಿನ ಸರಳು. 26,000 ರೂಪಾಯಿ ಎಸ್ಟಿಮೇಟ್. ಎರಡು ನಿಮಿಷದಲ್ಲಿ 26,000. ನಿಮಿಷಕ್ಕೆ ಹದಿಮೂರು ಸಾವಿರ!

ನಾನು ಮೆಕ್ಯಾನಿಕ್ ಅಲ್ಲ. ಆದರೆ ಅಡಿಕೆ ತೋಟದ ಪಂಪ್‌ಸೆಟ್ ಬಿಚ್ಚಿ ಕಟ್ಟಿ ಅಭ್ಯಾಸ ಇದೆ. ಪಂಪು ಅಂದಮೇಲೆ ಪಂಪೇ ಅಲ್ವಾ, ನೀರಾದರೇನು ಆಯಿಲ್ ಆದರೇನು ಅಂತ ಒಂದು ಧೈರ್ಯ. ಮೂರು ಭಾನುವಾರ ಹಿಡಿಯಿತು. ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಮೊದಲ ಭಾನುವಾರ: ಕಾಸಿಲ್ಲದ ಪರೀಕ್ಷೆಗಳು

ಕೈ ಹಾಕುವ ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಚಿತ್ರ ತಲೆಯಲ್ಲಿ ಇರಬೇಕು. ಇಂಜಿನ್ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ. ಮೇಲಿನ ಪ್ಲಾಸ್ಟಿಕ್ ಡಬ್ಬಿಯಿಂದ ಪಂಪು ಆಯಿಲ್ ಎಳೆದುಕೊಂಡು, ಒತ್ತಡ ಕೊಟ್ಟು, ಸ್ಟೇರಿಂಗ್ ರ‍್ಯಾಕಿಗೆ ಕಳಿಸುತ್ತದೆ. ರ‍್ಯಾಕಿನ ಬಾಯಲ್ಲಿ ಒಂದು ವಾಲ್ವ್. ಅದರೊಳಗೆ ತೆಳ್ಳನೆಯ ಉಕ್ಕಿನ ಕಡ್ಡಿ ಇದೆ. ನಾವು ಸ್ಟೇರಿಂಗ್ ತಿರುಗಿಸಿದಾಗ ಆ ಕಡ್ಡಿ ಒಂಚೂರು ತಿರುಚಿಕೊಳ್ಳುತ್ತದೆ. ಅಷ್ಟಕ್ಕೇ ವಾಲ್ವ್ ತೆರೆದು, ಆಯಿಲ್ ಎಡಕ್ಕೋ ಬಲಕ್ಕೋ ನುಗ್ಗಿ ರ‍್ಯಾಕನ್ನು ತಳ್ಳುತ್ತದೆ. ಕೈ ಸಡಿಲ ಬಿಟ್ಟರೆ ಕಡ್ಡಿ ನೆಟ್ಟಗಾಗುತ್ತದೆ, ತಳ್ಳುವುದು ನಿಲ್ಲುತ್ತದೆ. ಕೆಲಸ ಮುಗಿಸಿದ ಆಯಿಲ್ ಇನ್ನೊಂದು ಪೈಪಿನಲ್ಲಿ ಡಬ್ಬಿಗೆ ವಾಪಸ್.

ಇದನ್ನು ಕಾರಿಗೆ ಅಳವಡಿಸಿ 1926ರಲ್ಲಿ ಓಡಿಸಿ ತೋರಿಸಿದವರು ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಇಂಜಿನಿಯರ್. ಆದರೆ ಅಂಗಡಿಯಲ್ಲಿ ಸಿಗುವ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಗಾಡಿಯಲ್ಲಿ. ನಮ್ಮಲ್ಲಿ ತುಂಬಾ ಜನ ಡ್ರೈವಿಂಗ್ ಕಲಿತ ಮಾರುತಿ 800ರಲ್ಲಿ ಪವರ್ ಗಿವರ್ ಏನೂ ಇರಲಿಲ್ಲ. ತೋಳಿನ ಬಲವೇ ಪವರ್.

ಮೊದಲು ಟೈರ್ ಗಾಳಿ ನೋಡಿದೆ. ನಗಬೇಡಿ. ಬಾಗಿಲ ಸ್ಟಿಕ್ಕರಿನಲ್ಲಿ 30 ಪಿಎಸ್‌ಐ ಅಂತಿದೆ, ಮುಂದಿನ ಎಡ ಚಕ್ರದಲ್ಲಿ ಇದ್ದದ್ದು 22. ತುಂಬಿಸಿದ ಮೇಲೆ ಅಂಗಳದಲ್ಲಿ ತಿರುಗಿಸುವಾಗ ಸ್ವಲ್ಪ ಹಗುರ ಅನ್ನಿಸಿತು. ಕೊಂಯ್ ಮಾತ್ರ ಹಾಗೇ ಇತ್ತು. ಅಂದರೆ ಗಾಳಿ ಕಮ್ಮಿ ಇದ್ದದ್ದೂ ನಿಜ, ಕಾಯಿಲೆ ಬೇರೆ ಇರುವುದೂ ನಿಜ.

ಆಮೇಲೆ ಸದ್ದು. ಅಪ್ಪನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ನಾನು ಬಾನೆಟ್ ಹತ್ತಿರ ನಿಂತೆ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಸ್ಟೇರಿಂಗಿನ ಸದ್ದುಗಳು ಒಂದೇ ಜಾತಿಯವಲ್ಲ. 'ಕೀಂಯ್' ಅಂತ ಚುಚ್ಚುವ ಹಾಗೆ ಕೂಗಿದರೆ, ಅದೂ ಪೂರ್ತಿ ಕಟ್ ಮಾಡಿದಾಗ ಮಾತ್ರ, ಸಾಮಾನ್ಯವಾಗಿ ಬೆಲ್ಟು ಜಾರುತ್ತಿದೆ ಅಂತ ಅರ್ಥ. 'ಕೊಂಯ್' ಅಂತ ನರಳಿ, ರೇಸ್ ಕೊಟ್ಟ ಹಾಗೆ ಸ್ವರ ಏರಿದರೆ ಪಂಪಿಗೆ ಆಯಿಲ್ ಸಾಲುತ್ತಿಲ್ಲ, ಇಲ್ಲವೇ ಆಯಿಲ್ ಜೊತೆ ಗಾಳಿ ಹೋಗುತ್ತಿದೆ. ಪೂರ್ತಿ ಕಟ್ ಆದ ಕೊನೆಯಲ್ಲಿ 'ಹಿಸ್' ಅಂದರೆ ಚಿಂತೆ ಬೇಡ. ಒತ್ತಡ ಜಾಸ್ತಿಯಾಗಿ ರಿಲೀಫ್ ವಾಲ್ವ್ ತೆರೆದ ಸದ್ದು ಅದು. ಹೊಂಡಕ್ಕೆ ಇಳಿದಾಗ 'ಟಕ್ ಟಕ್' ಅಂದರೆ ಚಕ್ರದ ಹತ್ತಿರದ ಕೀಲುಗಳನ್ನು, ಅಂದರೆ ಟೈ ರಾಡ್ ಎಂಡೋ ಬಾಲ್ ಜಾಯಿಂಟೋ ನೋಡಬೇಕು, ಆಯಿಲಿಗೂ ಅದಕ್ಕೂ ಸಂಬಂಧ ಇಲ್ಲ.

ನಮ್ಮದು ಕೊಂಯ್. ಆದರೂ ಬೆಲ್ಟು ನೋಡಿದೆ. ಇಂಜಿನ್ ಬಂದ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಬೆಲ್ಟು ಹೊರಳಿಸಿ ಒಳಮೈಗೆ ಟಾರ್ಚ್ ಹಿಡಿದೆ. ಬಿರುಕಿಲ್ಲ, ಕನ್ನಡಿಯಂಥ ಹೊಳಪೂ ಇಲ್ಲ. ಒತ್ತಿದರೆ ಬಿಗಿ ಇದೆ. ಬೆಲ್ಟು ಪಾಸ್.

ಇನ್ನು ಆಯಿಲ್. ಡಬ್ಬಿಯ ಮುಚ್ಚಳ ತೆಗೆದೆ. ಕೆಂಪಗಿರಬೇಕಾದದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಸುಟ್ಟ ವಾಸನೆ. ಮಟ್ಟ ಕನಿಷ್ಠ ಗೆರೆಗಿಂತ ಚೂರು ಮೇಲೆ. ಐದು ನಿಮಿಷ ಇಂಜಿನ್ ಓಡಿಸಿ, ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಿ ಮತ್ತೆ ನೋಡಿದರೆ ಮೇಲೆಲ್ಲ ನೊರೆ, ಈಗಷ್ಟೇ ಕರೆದ ಹಾಲಿನ ಹಾಗೆ. ಇಂಜಿನ್ ಆಫ್ ಮಾಡಿದೆ. ಮಾಡುತ್ತಿದ್ದ ಹಾಗೆ ಆಯಿಲ್ ಮಟ್ಟ ತಾನಾಗಿ ಮೇಲೇರಿತು! ಹೆಚ್ಚುಕಡಿಮೆ ಬೆರಳಗಲ.

ಆ ದಿನದ ದೊಡ್ಡ ಸಾಕ್ಷಿ ಇದೇ. ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ ಅಂತಲೇ ಹೇಳಬಹುದು. ಗಾಳಿ ಕುಗ್ಗುತ್ತದೆ. ಪೈಪಿನೊಳಗೆ ಒತ್ತಡದಲ್ಲಿ ಕುಗ್ಗಿ ಕೂತಿದ್ದ ಗಾಳಿ, ಪಂಪು ನಿಂತ ಕೂಡಲೇ ಉಬ್ಬಿ, ಆಯಿಲನ್ನು ಡಬ್ಬಿಗೆ ತಳ್ಳಿತು. ಅಂದರೆ ಲೈನಿನಲ್ಲಿ ಗಾಳಿ ಇದೆ. ಘಾಟಿಯಲ್ಲಿ ಒಂದು ಕ್ಷಣ ಕಲ್ಲಾದದ್ದೂ ಇದರಿಂದಲೇ ಇರಬೇಕು. ಗಾಳಿಯ ಗುಳ್ಳೆ ಪಂಪಿಗೆ ಹೋದ ಹೊತ್ತಿಗೆ ಒತ್ತಡ ಬಿತ್ತು, ಗುಳ್ಳೆ ದಾಟಿದ ಮೇಲೆ ಬಂತು.

ಪಕ್ಕದ ಮನೆಯವರು ಬೇಲಿ ಆಚೆಯಿಂದ ನೋಡುತ್ತಿದ್ದವರು, "ಸ್ವಲ್ಪ ಬ್ರೇಕ್ ಆಯಿಲ್ ಹಾಕಿ ನೋಡಿ ಮಾರಾಯ್ರೆ, ಎರಡೂ ಹೈಡ್ರಾಲಿಕ್ಕೇ ಅಲ್ವಾ" ಅಂದರು. ದಯವಿಟ್ಟು ಹಾಕಬೇಡಿ. ಬ್ರೇಕ್ ಆಯಿಲ್ ಬೇರೆ ಜಾತಿ. ಸ್ಟೇರಿಂಗಿನ ರಬ್ಬರ್ ಸೀಲುಗಳು ಅದರಲ್ಲಿ ಊದಿ ಮೆತ್ತಗಾಗಿ ಹಾಳಾಗುತ್ತವೆ. ಆಮೇಲೆ ನಿಜವಾಗಿಯೂ ಪಂಪು, ರ‍್ಯಾಕ್ ಎರಡೂ ಹಾಕಿಸಬೇಕಾಗುತ್ತದೆ. ಮುಚ್ಚಳದ ಮೇಲೆ ಅಥವಾ ಮ್ಯಾನುಯೆಲ್‌ನಲ್ಲಿ ಯಾವ ಆಯಿಲ್ ಅಂತ ಇರುತ್ತದೆ. ನಮ್ಮದಕ್ಕೆ ಡೆಕ್ಸ್‌ರಾನ್ 3, ಗೇರ್‌ಬಾಕ್ಸಿನ ಕೆಂಪು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರಿನ ಗಾಡಿಗಳಿಗೆ ಹಾಕುವ ಆಯಿಲ್. ಕೆಲವು ಗಾಡಿಗಳಿಗೆ ಹಸಿರು ಬಣ್ಣದ ಬೇರೆ ಆಯಿಲ್ ಬೇಕು. ಕೆಂಪು, ಹಸಿರು ಎರಡನ್ನೂ ಬೆರೆಸಬಾರದು.

ಕೊನೆಗೆ ಮುಂದಿನ ಎರಡೂ ಚಕ್ರ ಎತ್ತಿದೆ. ಜಾಕಿ ಮೇಲೆ ಬಿಟ್ಟು ಕೆಲಸ ಮಾಡುವುದಲ್ಲ, ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಕ್ಕೆ ಕಲ್ಲು ಇಟ್ಟು. ಕೆಂಪು ಕಲ್ಲನ್ನು ಸ್ಟ್ಯಾಂಡ್ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಆ ಕಲ್ಲು ಹೇಳದೆ ಕೇಳದೆ ಒಡೆಯುತ್ತದೆ, ಬೇಡ. ಇಂಜಿನ್ ಆಫ್, ಆದರೆ ಸ್ಟೇರಿಂಗ್ ಲಾಕ್ ಬೀಳದ ಹಾಗೆ ಕೀ ತಿರುಗಿಸಿಟ್ಟು, ಎಡ ತುದಿಯಿಂದ ಬಲ ತುದಿಗೆ ಕೈಯಲ್ಲಿ ತಿರುಗಿಸಿದೆ. ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದೇನೆ: "ಪೂರ್ತಿ ತಿರುಗುತ್ತದೆ. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಬಿಗಿ, ಸಡಿಲ. ಗಾಳಿ ಇರುವುದರಿಂದ ಇರಬಹುದು."

ಆ ಕೊನೆಯ ವಾಕ್ಯ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಭಾನುವಾರ: ತೋಟದ ಪಂಪು ಕಲಿಸಿದ ಪಾಠ

ಗಾಳಿ ಒಳಗೆ ಹೋಗುತ್ತಿದೆ. ಎಲ್ಲಿಂದ? ನೆಲದ ಮೇಲೆ ರಟ್ಟು ಹಾಸಿ ವಾರವಿಡೀ ನೋಡಿದ್ದೆ, ಒಂದು ಹನಿ ಆಯಿಲ್ ಬಿದ್ದಿರಲಿಲ್ಲ. ಗ್ಯಾರೇಜಿನವರೂ ಇದನ್ನೇ ಹೇಳಿದ್ದರು: "ಎಲ್ಲೂ ಲೀಕ್ ಇಲ್ಲ ಸಾರ್, ಪಂಪೇ."

ತೋಟದಲ್ಲಿ ಪಂಪು ಇಟ್ಟವರಿಗೆ ಇದು ಗೊತ್ತು. ಡೆಲಿವರಿ ಪೈಪು ತೂತಾದರೆ ನೀರು ಚಿಮ್ಮುತ್ತದೆ, ಕಣ್ಣಿಗೆ ಕಾಣುತ್ತದೆ. ಸಕ್ಷನ್ ಪೈಪು ತೂತಾದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಪಂಪು ಅಲ್ಲಿ ಎಳೆಯುತ್ತಿರುತ್ತದೆ, ತಳ್ಳುತ್ತಿರುವುದಿಲ್ಲ. ಹಾಗಾಗಿ ಗಾಳಿಯನ್ನು ಒಳಗೆ ಹೀರಿಕೊಳ್ಳುತ್ತದೆ. ಮೋಟಾರು ಸುಮ್ನೆ ಅರಚುತ್ತದೆ, ನೀರು ಬರುವುದಿಲ್ಲ. ಆಗ ನಾವು ಏನು ಮಾಡುತ್ತೇವೆ? ಜಾಯಿಂಟಿಗೆ ಸಗಣಿ ಮೆತ್ತುತ್ತೇವೆ. ಸದ್ದು ಬದಲಾಯಿತೋ, ಕಳ್ಳ ಅಲ್ಲೇ.

ಕಾರಿಗೆ ಸಗಣಿ ಮೆತ್ತಲಿಲ್ಲ, ಗ್ರೀಸ್ ಮೆತ್ತಿದೆ. ಡಬ್ಬಿಯಿಂದ ಪಂಪಿಗೆ ಹೋಗುವ ದಪ್ಪ ರಬ್ಬರ್ ಹೋಸ್ ಇದೆಯಲ್ಲ, ಅದೇ ಸಕ್ಷನ್. ಅದರ ಎರಡೂ ತುದಿ, ಆಮೇಲೆ ಪಂಪಿನ ಮೈಗೆ ಹೋಸಿನ ಕತ್ತು ಕೂರುವ ಜಾಗ, ಇಷ್ಟಕ್ಕೂ ದಪ್ಪಗೆ ಗ್ರೀಸ್ ಹಚ್ಚಿದೆ. ಹಚ್ಚುವುದು ಇಂಜಿನ್ ಆಫ್ ಇದ್ದಾಗ. ಬೆಲ್ಟು ಪಕ್ಕದಲ್ಲೇ ತಿರುಗುತ್ತದೆ, ಅಂಗಿ ತೋಳು ಸಿಕ್ಕಿಕೊಂಡರೆ ಮುಗಿಯಿತು. ಸ್ಟಾರ್ಟ್ ಮಾಡಿದೆ. ಮೊದಲು ಹಳೇ ರಾಗವೇ. ಅರ್ಧ ನಿಮಿಷ ಕಳೆದ ಮೇಲೆ ಸ್ವರ ಇಳಿಯತೊಡಗಿತು. ಅಪ್ಪ ಒಳಗಿಂದಲೇ, "ಸರಿಯಾಯ್ತು, ಮುಚ್ಚು ಬಾನೆಟ್" ಅಂದರು. ಗ್ರೀಸಿನಲ್ಲಿ ಕಾರು ಓಡಿಸಲು ಆಗುತ್ತದಾ ಅಪ್ಪಯ್ಯ?

ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದಾಗ ಪಂಪಿನ ಕತ್ತಿನ ಸುತ್ತ ಒದ್ದೆ ಧೂಳಿನ ಉಂಗುರ ಕಾಣಿಸಿತು. ಇದಕ್ಕೂ ಕಾರಣ ಇದೆ. ಡಬ್ಬಿ ಪಂಪಿಗಿಂತ ಮೇಲಿದೆ. ಗಾಡಿ ನಿಂತಿದ್ದಾಗ ಆಯಿಲಿನ ಭಾರಕ್ಕೆ ಅಲ್ಲಿ ಚೂರೇ ಚೂರು ಜಿನುಗಿ, ಧೂಳು ಹಿಡಿದು ಅಲ್ಲೇ ಒಣಗುತ್ತಿತ್ತು. ನೆಲಕ್ಕೆ ಬೀಳುವಷ್ಟು ಇರಲಿಲ್ಲ.

ಬಿಚ್ಚುವ ಮೊದಲು ಡಬ್ಬಿಯ ಆಯಿಲ್ ತೆಗೆಯಬೇಕು. ಮೆಡಿಕಲ್ ಅಂಗಡಿಯ ದೊಡ್ಡ ಸಿರಿಂಜಿಗೆ ಒಂದು ಸಣ್ಣ ಟ್ಯೂಬ್ ಸಿಕ್ಕಿಸಿದರೆ ಅದಕ್ಕಿಂತ ಒಳ್ಳೆ ಸಾಮಾನು ಬೇರೆ ಬೇಡ. ಡಬ್ಬಿ ಖಾಲಿಯಾದ ಮೇಲೆ ತಳದಲ್ಲಿ ಇನ್ನೊಂದು ಸಮಾಚಾರ ಕಾದಿತ್ತು. ಅಲ್ಲೊಂದು ಸಣ್ಣ ಜಾಲರಿ ಇದೆ. ಅದರ ಮೇಲೆ ಕಪ್ಪು ಮಸಿ, ರಬ್ಬರಿನ ಚೂರು ಮೆತ್ತಿಕೊಂಡು ಅರ್ಧಕ್ಕರ್ಧ ಕಟ್ಟಿಹೋಗಿತ್ತು. ಬಾವಿಯ ಫುಟ್‌ವಾಲ್ವಿಗೆ ಸೋಗೆ ಸಿಕ್ಕಿಕೊಂಡ ಹಾಗೆ. ಪಂಪು ಎಳೆಯುತ್ತದೆ, ಮೇಲಿಂದ ಬರುವುದು ಸಾಲುವುದಿಲ್ಲ, ಎಳೆತ ಇನ್ನೂ ಜೋರಾಗುತ್ತದೆ, ಸಡಿಲ ಜಾಯಿಂಟಿನಿಂದ ಗಾಳಿ ಇನ್ನೂ ಜಾಸ್ತಿ ಬರುತ್ತದೆ. ಎರಡೂ ಸೇರಿ ಒಂದನ್ನೊಂದು ಬೆಳೆಸಿದ್ದವು. ಬರೇ ಆಯಿಲ್ ಬದಲಾಯಿಸಿದ್ದರೆ ನಾಲ್ಕು ದಿನ ಸರಿ ಇದ್ದು ಮತ್ತೆ ಕೊಂಯ್ ಶುರುವಾಗುತ್ತಿತ್ತು.

ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆದು, ಒಣಗಿಸಿ, ಕೊನೆಗೆ ಸ್ವಲ್ಪ ಹೊಸ ಎಟಿಎಫ್ ಹಾಕಿ ಜಾಲಾಡಿಸಿ ಚೆಲ್ಲಿದೆ. ಕೆಲವು ಗಾಡಿಗಳಲ್ಲಿ ಈ ಜಾಲರಿ ಕೈಗೆ ಸಿಗುವುದಿಲ್ಲ, ಡಬ್ಬಿಯನ್ನೇ ಬದಲಾಯಿಸಬೇಕು.

ಪಂಪಿನ ಕತ್ತಿನ ಓ-ರಿಂಗ್, ಅಂದರೆ ಜಾಯಿಂಟ್ ಸೋರದ ಹಾಗೆ ಹಾಕುವ ರಬ್ಬರ್ ಬಳೆ, ಹೊರಬಂತು. ರಿಂಗ್ ಅಂದರೆ ದುಂಡಗಿರಬೇಕು ತಾನೆ? ಇದು ಚಪ್ಪಟೆಯಾಗಿ, ಒಣಗಿದ ಹಲಸಿನ ಹಪ್ಪಳದಷ್ಟು ಗಟ್ಟಿಯಾಗಿತ್ತು. ಬಗ್ಗಿಸಿದೆ, ಪಟ್ ಅಂತ ಮುರಿಯಿತು. ಹೋಸಿನ ತುದಿಯೂ ಸೀಳಿತ್ತು, ಸ್ಪ್ರಿಂಗ್ ಕ್ಲಿಪ್ಪು ಹಿಡಿತ ಕಳೆದುಕೊಂಡಿತ್ತು.

ಮರುದಿನ ಸಂಜೆ ಶಿವಮೊಗ್ಗಕ್ಕೆ ಹೋದವನು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಸುತ್ತಿ ಸಾಮಾನು ತಂದೆ. ಓ-ರಿಂಗ್ ಹದಿನೈದು ರೂಪಾಯಿ. ಹೋಸ್ ಕೇಳಿದಾಗ ಅಂಗಡಿ ಹುಡುಗ ರೇಡಿಯೇಟರ್ ಪೈಪು ಕತ್ತರಿಸಲು ಹೊರಟ. "ಅದು ನೀರಿಂದು ತಮ್ಮಾ, ಆಯಿಲಿಗೆ ಆಗೋದು ಕೊಡು" ಅಂದೆ. ನೀರಿನ ಹೋಸ್ ಆಯಿಲಿನಲ್ಲಿ ಊದಿ ಕೊಳೆಯುತ್ತದೆ, ಅದರ ಚೂರು ಮತ್ತೆ ಜಾಲರಿಗೇ ಬಂದು ಕೂರುತ್ತದೆ. ಒತ್ತಡದ ಹೋಸಿಗಂತೂ ಇಂಥ ಕತ್ತರಿಸಿ ಸಿಕ್ಕಿಸುವ ಆಟ ನಡೆಯುವುದೇ ಇಲ್ಲ. ಸಣ್ಣ ಕಾರುಗಳಲ್ಲಿ ಪೂರ್ತಿ ಕಟ್ ಮಾಡಿದಾಗ ಅಲ್ಲಿ 60ರಿಂದ 90 ಬಾರ್ ಆಸುಪಾಸು ಒತ್ತಡ ಇರುತ್ತದೆ. ಟೈರಿನ ಗಾಳಿ ಎರಡು ಬಾರ್, ಲೆಕ್ಕ ಹಾಕಿಕೊಳ್ಳಿ. ಆ ಪೈಪಿನಲ್ಲಿ ಸಣ್ಣ ತೂತಿದೆಯಾ ಅಂತ ಬರಿಗೈಯಲ್ಲಿ ತಡವಿ ನೋಡಬೇಡಿ. ಕೂದಲಿನಷ್ಟು ಸಪೂರ ಧಾರೆ ಚರ್ಮದೊಳಗೆ ನುಗ್ಗುತ್ತದೆ. ರಟ್ಟು ಹಿಡಿದು ನೋಡಬೇಕು.

ಜೋಡಿಸಿದ ಮೇಲೆ ಹಳೇ ಆಯಿಲ್ ಪೂರ್ತಿ ಹೊರಹಾಕುವ ಕೆಲಸ. ಚಕ್ರ ಎತ್ತಿಯೇ ಇತ್ತು. ವಾಪಸ್ ಬರುವ ಪೈಪನ್ನು ಡಬ್ಬಿಯಿಂದ ಕಳಚಿ ಒಂದು ನೀರಿನ ಬಾಟಲಿಗೆ ಬಿಟ್ಟೆ. ಡಬ್ಬಿಯ ಆ ತೂತಿಗೆ ಬಿರಡೆ ಹಾಕಿದೆ. ಇಂಜಿನ್ ಸ್ಟಾರ್ಟ್ ಮಾಡಲಿಲ್ಲ. ಅಪ್ಪ ಸ್ಟೇರಿಂಗನ್ನು ನಿಧಾನವಾಗಿ ತುದಿಯಿಂದ ತುದಿಗೆ ತಿರುಗಿಸುತ್ತಾ ಹೋದರು, ನಾನು ಮೇಲಿಂದ ಹೊಸದು ಸುರಿಯುತ್ತಾ ಹೋದೆ. ಡಬ್ಬಿ ಒಮ್ಮೆಯೂ ಖಾಲಿಯಾಗಬಾರದು. ಕಪ್ಪು, ಆಮೇಲೆ ಕಂದು, ಆಮೇಲೆ ಕೋಕಂ ಶರಬತ್ತಿನ ಬಣ್ಣ. ಎರಡು ಲೀಟರ್ ಹತ್ತಿರ ಖರ್ಚಾಯಿತು. ಅಪ್ಪನಿಗೆ ತೋಳು ನೋವು ಬಂತು, ಮಧ್ಯೆ ಒಂದು ಕಾಫಿ ಬ್ರೇಕ್.

ಪೈಪು ವಾಪಸ್ ಹಾಕಿ, ಇಂಜಿನ್ ಆಫ್ ಇಟ್ಟುಕೊಂಡೇ ಇನ್ನೂ ಇಪ್ಪತ್ತು ಸಲ ತಿರುಗಿಸಿ ಏರ್ ತೆಗೆದೆವು. ಗುಳ್ಳೆಗಳು ಒಂದೊಂದೇ ಮೇಲೆ ಬಂದು ಒಡೆಯುವುದನ್ನು ನೋಡುತ್ತಾ ಕೂರಬಹುದು, ಒಂಥರಾ ಚಟ. ಅವಸರಕ್ಕೆ ಮೊದಲೇ ಸ್ಟಾರ್ಟ್ ಮಾಡಿದರೆ ಪಂಪು ಆ ಗಾಳಿಯನ್ನೆಲ್ಲ ಕಡೆದು ಸಣ್ಣ ನೊರೆ ಮಾಡಿಬಿಡುತ್ತದೆ. ಆಮೇಲೆ ಅದು ಇಳಿಯಲು ಗಂಟೆಗಟ್ಟಲೆ ಬೇಕು. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ, ಐಡ್ಲಿಂಗಿನಲ್ಲೇ ನಿಧಾನವಾಗಿ ತಿರುಗಿಸಿದೆವು. ತುದಿಗೆ ಮುಟ್ಟಿಸಿ ಕೂಡಲೇ ಬಿಡಬೇಕು. ಹಿಡಿದು ನಿಂತರೆ ಪಂಪು ತನ್ನ ಪೂರ್ತಿ ಒತ್ತಡದಲ್ಲಿ ಅದೇ ಆಯಿಲನ್ನು ಕುದಿಸುತ್ತದೆ. ಪಾರ್ಕಿಂಗಿನಲ್ಲಿ ಕಟ್ ಮಾಡಿ ಹಿಡಿದುಕೊಂಡೇ ಮಾತಾಡುತ್ತಾ ಕೂರುವವರು ಇದನ್ನು ನೆನಪಿಟ್ಟುಕೊಂಡರೆ ಸಾಕು.

ಕೊಂಯ್ ಮುಕ್ಕಾಲು ಪಾಲು ಹೋಯಿತು. ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ನೋಡಿದಾಗ ಮಟ್ಟ ಚೂರು ಇಳಿದಿತ್ತು, ತುಂಬಿಸಿದೆ. ಆಮೇಲೆ ಪೂರ್ತಿ ಹೋಯಿತು. ಇಂಜಿನ್ ಆಫ್ ಮಾಡಿದರೆ ಮಟ್ಟ ಏರುವುದೂ ನಿಂತಿತು.

ಗೆದ್ದೆ ಅಂದುಕೊಂಡ ವಾರ

ಆ ವಾರ ಪೂರ್ತಿ ಸಿಕ್ಕಸಿಕ್ಕವರಿಗೆಲ್ಲ ಹದಿನೈದು ರೂಪಾಯಿ ರಿಂಗಿನ ಕಥೆ ಹೇಳಿದೆ. ಶನಿವಾರ ಸಂಜೆ ಖಾತ್ರಿ ಮಾಡಿಕೊಳ್ಳಲು ಒಬ್ಬನೇ ಆಗುಂಬೆಗೆ ಹೋಗಿ, ಸೋಮೇಶ್ವರದವರೆಗೆ ಇಳಿದು ಹತ್ತಿ ಬಂದೆ. ಸದ್ದು ಇಲ್ಲ. ಕಲ್ಲಾಗುವುದೂ ಇಲ್ಲ. ಆದರೆ ಏನೋ ಸರಿ ಇಲ್ಲ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಬೇಕು ತಾನೆ? ಬರುತ್ತಿರಲಿಲ್ಲ, ನಾನೇ ಎಳೆದು ತರಬೇಕಿತ್ತು. ತಿರುಗಿಸುವಾಗಲೂ ಅಂಗೈಗೆ ಒಂದು ಅಲೆ: ಬಿಗಿ, ಸಡಿಲ, ಬಿಗಿ, ಸಡಿಲ.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಮೊದಲ ದಿನವೇ ಬರೆದಿದ್ದೆ! ಅವತ್ತು ಇಂಜಿನ್ ಆಫ್ ಇತ್ತು. ಪಂಪೇ ತಿರುಗದಿದ್ದಾಗ ಗಾಳಿಗೂ ಆ ಅಲೆಗೂ ಏನು ಸಂಬಂಧ? ಸದ್ದಿನ ಮೇಲೆ ಕಿವಿ ಇಟ್ಟು ಕೈ ಹೇಳಿದ್ದನ್ನು ಕೇಳಿಸಿಕೊಂಡಿರಲಿಲ್ಲ. ಕಾಯಿಲೆ ಒಂದಲ್ಲ, ಎರಡು. ದೊಡ್ಡದು ಕೂಗಾಡಿ ಸಣ್ಣದನ್ನು ಮುಚ್ಚಿಟ್ಟಿತ್ತು.

ಮತ್ತೆ ಚಕ್ರ ಎತ್ತಿ, ಸ್ಟೇರಿಂಗ್ ಮೇಲೆ ಬಿಳಿ ಟೇಪ್ ಅಂಟಿಸಿ ಎಣಿಸಿದೆ. ಒಂದು ಸುತ್ತಿಗೆ ಸರಿಯಾಗಿ ಎರಡು ಸಲ ಬಿಗಿ. ಹನ್ನೆರಡು ಗಂಟೆಯ ಜಾಗದಲ್ಲಿ ಒಮ್ಮೆ, ಆರರ ಜಾಗದಲ್ಲಿ ಒಮ್ಮೆ. ಈ 'ಸುತ್ತಿಗೆ ಎರಡು' ಎನ್ನುವುದು ಒಳ್ಳೆ ಸುಳಿವು. ಸ್ಟೇರಿಂಗ್ ಕಂಬದಿಂದ ರ‍್ಯಾಕಿಗೆ ಹೋಗುವ ಶಾಫ್ಟು ನೇರ ಇಲ್ಲ, ಓರೆಯಾಗಿ ಬಾಗಿ ಹೋಗುತ್ತದೆ. ಬಾಗುವ ಜಾಗದಲ್ಲಿ ಯೂನಿವರ್ಸಲ್ ಜಾಯಿಂಟ್, ನಮ್ಮ ಕಡೆ ಗ್ಯಾರೇಜಿನಲ್ಲಿ ಕ್ರಾಸ್ ಅನ್ನುತ್ತಾರೆ. ಕೂಡಿಸುವ ಚಿಹ್ನೆಯ ಹಾಗೆ ಎರಡು ಅಡ್ಡ ಕಡ್ಡಿ. ಅದರಲ್ಲಿ ಒಂದು ಕಡ್ಡಿ ತುಕ್ಕು ಹಿಡಿದು ಬಿಗಿದುಕೊಂಡರೆ, ಅರ್ಧ ಸುತ್ತಿಗೊಮ್ಮೆ ಬಾಗುವ ಸರದಿ ಅದರದ್ದೇ ಬರುತ್ತದೆ. ಸುತ್ತಿಗೆ ಎರಡು ಸಲ.

ಇಲ್ಲಿ ಬೇರೆ ಸಾಧ್ಯತೆಗಳನ್ನೂ ತಳ್ಳಿಹಾಕಬೇಕಿತ್ತು. ಒಂದೇ ಕಡೆಗೆ ಬಿಗಿಯಾಗಿ ಇನ್ನೊಂದು ಕಡೆ ಹಗುರ ಇದ್ದರೆ ರ‍್ಯಾಕಿನ ವಾಲ್ವ್ ಅಥವಾ ಸೀಲಿನ ಮೇಲೆ ಅನುಮಾನ. ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ಬಿಗಿ, ಬಿಸಿಯಾದ ಮೇಲೆ ಸರಿ ಅಂದರೂ ರ‍್ಯಾಕಿನ ಒಳಗಿನ ಸೀಲು ಸವೆದಿರಬಹುದು. ನಮ್ಮಲ್ಲಿ ಎರಡೂ ಇರಲಿಲ್ಲ. ಶಿವಮೊಗ್ಗದ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಪ್ರೆಶರ್ ಗೇಜ್ ಇತ್ತು, ಹೋಗಿ ಹಾಕಿಸಿದೆ. ಗೇಜಿನ ವಾಲ್ವನ್ನು ನಾಲ್ಕೈದು ಸೆಕೆಂಡ್ ಮಾತ್ರ ಮುಚ್ಚಿ ನೋಡಿದರು. ಮುಳ್ಳು 70 ಬಾರ್ ದಾಟಿ ನಿಂತಿತು. "ಪಂಪು ಗಟ್ಟಿ ಉಂಟು. ಯಾರು ಹೇಳಿದ್ದು ಹೋಗಿದೆ ಅಂತ?" ಅಂದರು. ನಾನು ಹೆಸರು ಹೇಳಲಿಲ್ಲ.

ಮೂರನೇ ಭಾನುವಾರ: ಹಲಸಿನ ಮರದ ಕೆಲಸ

ಈ ಭಾಗವನ್ನು ಓದಿ ಸಲೀಸು ಅಂದುಕೊಳ್ಳಬೇಡಿ. ಸಕ್ಷನ್ ಹೋಸ್ ಬಿಚ್ಚಿ ತಪ್ಪಾಗಿ ಹಾಕಿದರೆ ಆಯಿಲ್ ಸೋರುತ್ತದೆ, ಅಷ್ಟೇ. ಈ ಜಾಯಿಂಟ್ ತಪ್ಪಾಗಿ ಹಾಕಿದರೆ ಸ್ಟೇರಿಂಗ್ ಕೈಯಲ್ಲಿ ಇರುತ್ತದೆ, ಚಕ್ರ ಅದರ ಪಾಡಿಗೆ ಹೋಗುತ್ತದೆ.

ಬ್ಯಾಟರಿಯ ಮೈನಸ್ ಕಳಚಿದೆ. ಚಕ್ರ ನೇರ ಇಟ್ಟು, ಸ್ಟೇರಿಂಗನ್ನು ಸೀಟಿಗೆ ಹಗ್ಗ ಹಾಕಿ ಕಟ್ಟಿದೆ. ಸ್ಟೇರಿಂಗಿನಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಹಿಂದೆ ರಿಬ್ಬನ್ನಿನಂಥ ಸುರುಳಿ ವೈರ್ ಇರುತ್ತದೆ. ಶಾಫ್ಟ್ ಕಳಚಿದಾಗ ಸ್ಟೇರಿಂಗ್ ಸುಮ್ನೆ ಸುತ್ತಿದರೆ ಅದು ಹರಿದುಹೋಗುತ್ತದೆ. ಜಾಯಿಂಟ್, ಶಾಫ್ಟ್ ಎರಡರ ಮೇಲೂ ಪೇಂಟಿನಲ್ಲಿ ಗೆರೆ ಎಳೆದುಕೊಂಡೆ. ಪೆಡಲುಗಳ ಹತ್ತಿರ ತಲೆ ತೂರಿಸಿ, ಬೆನ್ನು ಮುರಿಯುವ ಹಾಗೆ ಮಲಗಿ, ಬೋಲ್ಟು ಬಿಚ್ಚಲು ಅರ್ಧ ಗಂಟೆ ಹೋಯಿತು. ತುಕ್ಕು.

ಕೈಗೆ ಬಂದ ಮೇಲೆ ಪರೀಕ್ಷೆಯೇ ಬೇಡವಾಯಿತು. ಒಂದು ಕಡೆಗೆ ಬೆರಳಲ್ಲಿ ಬಾಗುತ್ತಿತ್ತು. ಇನ್ನೊಂದು ಕಡೆಗೆ ಎರಡೂ ಕೈ ಹಾಕಿ ಬಗ್ಗಿಸಬೇಕು.

ತುಕ್ಕು ಬಂದದ್ದು ಎಲ್ಲಿಂದ? ಕಾರ್ಪೆಟ್ ಒತ್ತಿ ನೋಡಿದರೆ ಒಳಗೆ ಇನ್ನೂ ತೇವ. ವೈಪರ್ ಕೆಳಗಿನ ತೊಟ್ಟಿಯಂಥ ಜಾಗದಲ್ಲಿ ಮಳೆ ನೀರು ಹೊರಹೋಗುವ ತೂತು ಇರುತ್ತದೆ. ನಮ್ಮ ಗಾಡಿ ನಿಲ್ಲುವುದು ಹಲಸಿನ ಮರದ ಅಡಿಗೆ. ಎಲೆ ಬಿದ್ದು, ಕೊಳೆತು, ಒಳ್ಳೆ ಗೊಬ್ಬರವಾಗಿ ತೂತು ಮುಚ್ಚಿತ್ತು. ಮಲೆನಾಡಿನ ಮಳೆಗೆ ನೀರು ತುಂಬಿ, ಒಳಗೆ ಜಿನುಗಿ, ನೇರ ಈ ಜಾಯಿಂಟಿನ ಮೇಲೆ. ಎಷ್ಟು ಮಳೆಗಾಲ ಹೀಗೆ ಕಳೆಯಿತೋ. ಎರಡು ಮುಷ್ಟಿ ಗೊಬ್ಬರ ತೆಗೆದು ತುಳಸಿ ಕಟ್ಟೆಗೆ ಹಾಕಿದೆ.

ಜಾಯಿಂಟಿಗೆ ತುಕ್ಕು ಬಿಡಿಸುವ ಆಯಿಲ್ ಹೊಡೆದರೆ ಸಡಿಲವಾಗುತ್ತದೆ. ನಾನೂ ಹೊಡೆದು ನೋಡಿದೆ, ಸಡಿಲವಾಯಿತು. ಆದರೆ ಒಳಗಿನ ಸೂಜಿ ಬೇರಿಂಗ್ ತಿಂದುಹೋಗಿದ್ದರೆ ಅದು ನಾಲ್ಕು ದಿನದ ಮಾತು. ಶಾಫ್ಟ್ ಸಮೇತ ಹೊಸದು ಹಾಕಿದೆ, ಬೋಲ್ಟೂ ಹೊಸದು. ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ರೆಂಚ್ ಎರವಲು ತಂದು ಬಿಗಿ ಮಾಡಿದೆ. ಆದರೂ ಘಾಟಿಗೆ ಇಳಿಸುವ ಮೊದಲು ಆ ಗೇಜಿನ ಮೆಕ್ಯಾನಿಕ್ ಹತ್ತಿರ ಒಯ್ದು ತೋರಿಸಿದೆ. ಅವರು ಟಾರ್ಚ್ ಹಾಕಿ, ಸ್ಪಾನರ್ ಇಟ್ಟು ನೋಡಿ ತಲೆ ಆಡಿಸಿದ ಮೇಲೆಯೇ ನನಗೆ ನಿದ್ದೆ.

ಹೊಸ ಗಾಡಿಯವರಿಗೆ ಒಂದು ಮಾತು. ನಿಮ್ಮದರಲ್ಲಿ ಈ ಡಬ್ಬಿ, ಪಂಪು ಯಾವುದೂ ಇರಲಿಕ್ಕಿಲ್ಲ. ಈಗಿನ ಸಣ್ಣ ಕಾರುಗಳಲ್ಲಿ ಮೋಟಾರಿನ ಸ್ಟೇರಿಂಗೇ ಜಾಸ್ತಿ. 1988ರಲ್ಲಿ ಜಪಾನಿನಲ್ಲಿ ಸುಜುಕಿ ಸರ್ವೋ ಎಂಬ ಪುಟ್ಟ ಕಾರಿನಲ್ಲಿ ಬಂದ ಪದ್ಧತಿ ಅದು. ಅದರಲ್ಲಿ ಬಿಗಿಯಾದರೆ ಮೊದಲು ಬ್ಯಾಟರಿ, ಆಲ್ಟರ್ನೇಟರ್ ವೋಲ್ಟೇಜ್ ನೋಡಿ. ಮೀಟರಿನಲ್ಲಿ ಸ್ಟೇರಿಂಗ್ ಚಿತ್ರದ ದೀಪ ಉರಿದಿದೆಯಾ ನೋಡಿ, ಸ್ಕ್ಯಾನರ್ ಹಾಕಿಸಿ. ಸಣ್ಣ ಜಾಗದಲ್ಲಿ ಹತ್ತಾರು ಸಲ ಹಿಂದೆ ಮುಂದೆ ಕಟ್ ಹೊಡೆದು ಆಮೇಲೆ ಬಿಗಿಯಾದರೆ ಮೋಟಾರು ಬಿಸಿಯಾಗಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಅಂತಲೂ ಇರಬಹುದು, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಕ್ರಾಸಿನ ತುಕ್ಕು ಮಾತ್ರ ಎರಡಕ್ಕೂ ಒಂದೇ.

ಇನ್ನೊಂದು, ನಮ್ಮ ಕಡೆಯವರಿಗೆ ಮಾತ್ರ. ಡೀಸೆಲ್ ಉಳಿಸಲು ಘಾಟಿ ಇಳಿಯುವಾಗ ಇಂಜಿನ್ ಬಂದ್ ಮಾಡುವ ಹಳೇ ಅಭ್ಯಾಸ ಕೆಲವರಿಗೆ ಇದೆ. ಇಂಜಿನ್ ನಿಂತರೆ ಈ ಪಂಪೂ ನಿಲ್ಲುತ್ತದೆ, ಬ್ರೇಕಿನ ಬೂಸ್ಟರ್ ಕೂಡ ಒಂದೆರಡು ಸಲ ಒತ್ತಿದ ಮೇಲೆ ಸೋಲುತ್ತದೆ. ನನಗೆ ಒಂದು ಕ್ಷಣ ಆದದ್ದು ನಿಮಗೆ ಇಡೀ ಘಾಟಿ ಆಗುತ್ತದೆ.

ಖರ್ಚಿನ ಲೆಕ್ಕ: ಓ-ರಿಂಗ್ 15, ಹೋಸ್ 280, ಎರಡು ಕ್ಲಿಪ್ 60, ಆಯಿಲ್ 900, ಸಿರಿಂಜ್ 80, ಶಾಫ್ಟು ಬೋಲ್ಟು ಸೇರಿ 2,100, ಗೇಜ್ ಹಾಕಿದ್ದಕ್ಕೂ ತಪಾಸಣೆಗೂ 500. ಒಟ್ಟು 3,935 ರೂಪಾಯಿ. ಅಪ್ಪನ ತೋಳಿಗೆ ಹಚ್ಚಿದ ನೋವಿನ ಮುಲಾಮು ಇದರಲ್ಲಿ ಸೇರಿಲ್ಲ.

ಮೊನ್ನೆ ಮತ್ತೆ ಮಣಿಪಾಲಕ್ಕೆ ಹೋಗಿದ್ದೆವು. ಹದಿನಾಲ್ಕೂ ತಿರುವು ಸದ್ದಿಲ್ಲದೆ ದಾಟಿತು. ವಾಪಸ್ ಬರುವಾಗ ಊರ ಹತ್ತಿರ ಅಪ್ಪ ತಾವೇ ಸ್ಟೇರಿಂಗ್ ಹಿಡಿದರು, ನಾಲ್ಕು ಕಿಲೋಮೀಟರ್ ಓಡಿಸಿ, "ತೀರಾ ಹಗುರ ಆಯ್ತಲ್ಲಾ ಇದು, ಹಿಡಿದುಕೊಂಡ ಹಾಗೇ ಇಲ್ಲ" ಅಂತ ಗೊಣಗಿದರು. ಒತ್ತಡದ ಹೋಸಿನ ಕ್ರಿಂಪ್, ಅಂದರೆ ರಬ್ಬರಿಗೆ ಲೋಹದ ತುದಿ ಒತ್ತಿ ಕೂರಿಸಿದ ಜಾಗ, ಅದರ ಹತ್ತಿರ ಸ್ವಲ್ಪ ಜಿಡ್ಡು ಕಾಣುತ್ತಿದೆ. ಒರೆಸಿಟ್ಟಿದ್ದೇನೆ. ಅಡಿಗೆ ಮತ್ತೆ ರಟ್ಟು ಹಾಸಿದೆ.